ಎರಡು ಬಾಗಿಲಿನ ಕಾರು, ಒಂದು ಕಟ್ಟು ಕಾಗದ

ಕಾಲೇಜು ಓದುವ ವಯಸ್ಸಿನಲ್ಲಿ ಕೂಪೆ ಕಾರಿನ ಮೇಲೆ ಆಸೆ ಹುಟ್ಟುವುದರಲ್ಲಿ ತಪ್ಪೇನೂ ಇಲ್ಲ. ಎರಡೇ ಬಾಗಿಲು, ಹಿಂದಕ್ಕೆ ಇಳಿಜಾರಾದ ಚಾವಣಿ, ನೆಲಕ್ಕೆ ಹತ್ತಿರ ಕೂತ ಮೈ. ಹೊಸದನ್ನು ಕೊಳ್ಳುವುದು ಹೆಚ್ಚಿನ ಮನೆಗಳಲ್ಲಿ ಆಗದ ಮಾತು. ಆದರೆ ಹತ್ತು ಹನ್ನೆರಡು ವರ್ಷ ಓಡಿದ ಗಾಡಿ ಮೂಲ ಬೆಲೆಯ ಒಂದು ಪಾಲಿಗೆ ಸಿಗುತ್ತದೆ ಎಂದಾಗ, ಅಪ್ಪನ ಹತ್ತಿರ ಒಂದಿಷ್ಟು, ಇಂಟರ್ನ್‌ಶಿಪ್‌ನಲ್ಲಿ ಉಳಿಸಿದ್ದು ಒಂದಿಷ್ಟು ಸೇರಿಸಿ ನೋಡೋಣ ಅನ್ನಿಸುತ್ತದೆ. ಇಂಥ ಕಾರು ಅಗ್ಗವಾಗಿರುವುದಕ್ಕೆ ಒಂದು ಕಾರಣ ಇಂಜಿನ್ನಿನಲ್ಲಿ ಇರಬಹುದು. ಅದನ್ನು ಒಳ್ಳೆಯ ಮೆಕ್ಯಾನಿಕ್ ಹೇಳುತ್ತಾನೆ. ಇನ್ನೊಂದು ಕಾರಣ ಕಾಗದಗಳಲ್ಲಿ ಇರುತ್ತದೆ. ಅದನ್ನು ನೀವೇ ಓದಿಕೊಳ್ಳಬೇಕು, ಅದೂ ಅಡ್ವಾನ್ಸ್ ಕೊಡುವ ಮೊದಲು.

ಮೊದಲು ಆರ್‌ಸಿ. ಮೋಟಾರು ವಾಹನ ಕಾಯ್ದೆ, 1988ರ ಕಲಂ 2(30)ರ ಪ್ರಕಾರ ಯಾರ ಹೆಸರಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಕೀಲಿ ಯಾರ ಜೇಬಿನಲ್ಲಿದೆ, ಹಣ ಯಾರು ಕೊಟ್ಟರು ಎಂಬುದನ್ನು ಈ ವ್ಯಾಖ್ಯೆ ಕೇಳುವುದಿಲ್ಲ. ಮಾರುವವರ ಆಧಾರ್ ಕಾರ್ಡಿನ ಹೆಸರೂ ಆರ್‌ಸಿಯ ಹೆಸರೂ ಒಂದೇ ಆಗಿರಬೇಕು. ‘ಗಾಡಿ ನನ್ನ ಸ್ನೇಹಿತನದು, ಅವನು ಕೆನಡಾದಲ್ಲಿದ್ದಾನೆ, ಸಹಿ ಹಾಕಿಸಿಕೊಂಡಿದ್ದೇನೆ’ ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಆರ್‌ಸಿಯಲ್ಲಿ ಹೈಪಾಥಿಕೇಶನ್ ಎಂಬ ಸಾಲಿದೆಯೇ ನೋಡಿ. ಅದರ ಮುಂದೆ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಹೆಸರಿದ್ದರೆ, ಸಾಲ ತೀರಿದೆ ಎಂಬ ಮಾತು ಸಾಲದು. ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರವೂ ಅವರು ಸಹಿ ಮಾಡಿದ ಫಾರಂ 35 ಕೂಡ ಬೇಕು. ಆ ನಮೂದು ಅಳಿಸಿಹೋಗುವ ತನಕ ಕಾರಿನ ಮೇಲೆ ಸಾಲ ಕೊಟ್ಟ ಸಂಸ್ಥೆಯ ಹಕ್ಕು ನಿಂತೇ ಇರುತ್ತದೆ.

ಆಮೇಲೆ ಆರ್‌ಸಿ ಹಿಡಿದು ಕಾರಿನ ಹತ್ತಿರ ಹೋಗಿ. ಬಾನೆಟ್ ತೆಗೆಸಿ, ಛಾಸಿ ನಂಬರನ್ನು ಒಂದೊಂದೇ ಅಕ್ಷರ ಓದಿ ಹೊಂದಿಸಿ. 17 ಅಕ್ಷರ, ಅಂಕಿಗಳಿರುತ್ತವೆ. ಉಜ್ಜಿದ, ಬೆಸುಗೆ ಹಾಕಿದ, ಹೊಸ ಬಣ್ಣ ಬಳಿದ ಗುರುತು ಆ ಜಾಗದಲ್ಲಿ ಕಂಡರೆ ವಾಪಸ್ ಬನ್ನಿ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಆ ಕಾರು ನೀರಿನಲ್ಲಿ ನಿಂತಿತ್ತು ಎಂದೇ ಅರ್ಥ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ ನೀರು ನುಗ್ಗಿದಾಗ ಮುಳುಗಿದ ಕಾರುಗಳಲ್ಲಿ ದುಬಾರಿ ಕಾರುಗಳೂ ಇದ್ದವು. ವಾಹನದ ವಿವರ, ವಿಮೆಯ ಅವಧಿ, ಕಪ್ಪುಪಟ್ಟಿಯಲ್ಲಿ ಇದೆಯೇ ಎಂಬುದು ಪರಿವಾಹನ್ ಜಾಲತಾಣದಲ್ಲಿ ಸಿಗುತ್ತದೆ. ಬಾಕಿ ಉಳಿದ ಇ-ಚಲನ್‌ಗಳನ್ನೂ ಅಲ್ಲೇ, ಬೆಂಗಳೂರಿನದಾದರೆ ಸಂಚಾರ ಪೊಲೀಸರ ಆ್ಯಪ್‌ನಲ್ಲೂ ನೋಡಬಹುದು. ವೇಗದ ಕಾರಿಗೆ ವೇಗದ ದಂಡಗಳು ಅಂಟಿಕೊಂಡಿರುವುದು ಅಪರೂಪವಲ್ಲ. ಅವನ್ನು ಮಾರುವವರೇ ಕಟ್ಟಿ ರಸೀದಿ ಕೊಡಲಿ.

ಇನ್ನು ಕೂಪೆ ಕೊಳ್ಳುವವರು ಎಲ್ಲರಿಗಿಂತ ಹೆಚ್ಚು ಎಡವುವ ಜಾಗಕ್ಕೆ ಬರೋಣ. ನಮ್ಮ ದೇಶದಲ್ಲಿ ಕೂಪೆಗಳು ಮಾರಾಟವಾದದ್ದೇ ಕಡಿಮೆ. ಆಡಿ ಟಿಟಿ, 2016ರಲ್ಲಿ ಬಂದ ಫೋರ್ಡ್ ಮಸ್ಟಾಂಗ್, ಇನ್ನೂ ಕೆಲವು. ಹೀಗಾಗಿ ಹುಡುಕುವವರ ಕಣ್ಣು ಸಹಜವಾಗಿ ದೆಹಲಿ, ಹರಿಯಾಣ, ಮಹಾರಾಷ್ಟ್ರದ ನಂಬರಿನ ಗಾಡಿಗಳ ಕಡೆ ಹೋಗುತ್ತದೆ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳನ್ನು ಓಡಿಸಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಿಸಲು ಹೊರಟ ಮೇಲೆ ಅಲ್ಲಿನ ಹಳೆಯ ಗಾಡಿಗಳು ದಕ್ಷಿಣಕ್ಕೆ ಇನ್ನೂ ಅಗ್ಗವಾಗಿ ಬರತೊಡಗಿದವು. ಬೆಲೆ ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಆ ಬೆಲೆಯಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸ್ ಸೇರಿಲ್ಲ.

ಕೆಎ ನಂಬರಿನ ಕಾರಿಗೆ ಮೊದಲ ಮಾಲೀಕರೇ ಜೀವಾವಧಿ ತೆರಿಗೆ ಕಟ್ಟಿರುತ್ತಾರೆ. ರಾಜ್ಯದೊಳಗೆ ಹೆಸರು ಬದಲಾದರೆ ಅದನ್ನು ಮತ್ತೆ ಕಟ್ಟಬೇಕಿಲ್ಲ. ಹೊರರಾಜ್ಯದ ಕಾರನ್ನು ಇಲ್ಲಿನ ವಿಳಾಸಕ್ಕೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವಾಗ ಇಲ್ಲಿನ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು. ವಾಹನದ ವಯಸ್ಸಿಗೆ ತಕ್ಕಂತೆ ರಿಯಾಯಿತಿ ಇದೆ, ನಿಜ. ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್ ಕಾರಿಗೆ ಕರ್ನಾಟಕದ ದರ ಶೇ 18. ಹೊಸದಿದ್ದಾಗ 50 ಲಕ್ಷ ಬೆಲೆಯಿದ್ದ ಕೂಪೆಗೆ ಪೂರ್ಣ ತೆರಿಗೆ 9 ಲಕ್ಷ ಆಗುತ್ತದೆ. ವಯಸ್ಸಿನ ರಿಯಾಯಿತಿ ಕಳೆದರೂ ಉಳಿಯುವ ಮೊತ್ತ ಲಕ್ಷಗಳಲ್ಲೇ ಇರುತ್ತದೆ. ಉಳಿತಾಯವನ್ನೆಲ್ಲ ಕಾರಿಗೇ ಸುರಿದ ವಿದ್ಯಾರ್ಥಿಗೆ ಇದು ಕಟ್ಟಲಾಗದ ಹಣ. ಕಾರು ನೋಡಲು ಹೋಗುವ ಮೊದಲೇ ಆರ್‌ಸಿಯ ಪ್ರತಿ ಹಿಡಿದು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ, ಈ ಮಾದರಿಗೆ, ಈ ವರ್ಷದ್ದಕ್ಕೆ ತೆರಿಗೆ ಎಷ್ಟಾಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಕಾರಿನ ಬೆಲೆಗೆ ಅದನ್ನು ಕೂಡಿಸಿದ ಮೇಲೆ ಬರುವುದೇ ನಿಜವಾದ ಬೆಲೆ.

‘ಒಂದು ವರ್ಷ ಹಾಗೇ ಓಡಿಸು, ಏನೂ ಆಗಲ್ಲ’ ಎನ್ನುವ ಬ್ರೋಕರ್‌ಗಳಿದ್ದಾರೆ. ಕಲಂ 47ರ ಪ್ರಕಾರ 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡ ವಾಹನಕ್ಕೆ ಅಲ್ಲಿನ ಹೊಸ ನಂಬರ್ ಪಡೆಯಲೇಬೇಕು. ಆ ಹನ್ನೆರಡು ತಿಂಗಳ ಗಡುವು ವರ್ಗವಾಗಿ ಬಂದವರಂಥವರಿಗೆ ಅನುಕೂಲ. ಹಾಸನದಲ್ಲೋ ಹಾವೇರಿಯಲ್ಲೋ ಹುಟ್ಟಿ ಬೆಂಗಳೂರಿನಲ್ಲಿ ಓದುತ್ತಿರುವವರು ಬೇರೆಯವರ ಹೆಸರಿನ ಹೊರರಾಜ್ಯದ ಕಾರನ್ನು ಓಡಿಸುತ್ತಿದ್ದರೆ ಅದು ತಪಾಸಣೆಯಲ್ಲಿ ನಿಲ್ಲುವ ವಾದವಲ್ಲ. ಸಾರಿಗೆ ಇಲಾಖೆ ಇಂಥ ಕಾರುಗಳನ್ನೇ ಹುಡುಕಿ ಹಿಡಿಯುತ್ತಿದೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಓಡುತ್ತಿದ್ದ ಮಹಾರಾಷ್ಟ್ರ ನಂಬರಿನ ಫೆರಾರಿಯೊಂದರ ಮಾಲೀಕರಿಂದ 1.41 ಕೋಟಿ ರೂಪಾಯಿ ತೆರಿಗೆ ವಸೂಲಾಯಿತು. ವಿದ್ಯಾರ್ಥಿಯ ಹಳೆಯ ಕೂಪೆಗೂ ಅನ್ವಯಿಸುವುದು ಅದೇ ಕಾನೂನು.

ಹೊರರಾಜ್ಯದ ಕಾರಿಗೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ಬೇಕು. ಅದು ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಎನ್‌ಒಸಿ ಯಾವ ಆರ್‌ಟಿಒಗೆ ಎಂದು ಬರೆದಿದೆ ಎಂಬುದನ್ನೂ ನೋಡಿ. ಬೇರೆ ಊರಿನ ಹೆಸರಿದ್ದರೆ ಮತ್ತೆ ಓಡಾಟ. ಮೊದಲ ನೋಂದಣಿಯ 15 ವರ್ಷ ಮುಗಿಯುತ್ತಾ ಬಂದಿದ್ದರೆ ನವೀಕರಣದ ಖರ್ಚನ್ನೂ ಸೇರಿಸಿಕೊಳ್ಳಿ. 2022ರಲ್ಲಿ ಜಾರಿಗೆ ಬಂದ ಕೇಂದ್ರದ ದರದಂತೆ ಸಾಧಾರಣ ಕಾರಿಗೆ ಆ ಶುಲ್ಕ 5,000 ರೂಪಾಯಿ, ಆಮದು ಕಾರಿಗೆ 40,000.

ರಾಜ್ಯದೊಳಗಿನ ವರ್ಗಾವಣೆ ಇಷ್ಟು ಕಷ್ಟದ್ದಲ್ಲ. ಫಾರಂ 29 ಎರಡು ಪ್ರತಿ, ಫಾರಂ 30, ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆ ಪತ್ರ, ವಿಳಾಸದ ದಾಖಲೆ, ಪ್ಯಾನ್. ಕಲಂ 50ರಂತೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಪಿಜಿಯಲ್ಲಿರುವವರಿಗೆ ವಿಳಾಸದ ಚಿಂತೆ ಬೇಡ. 2019ರ ತಿದ್ದುಪಡಿಯ ನಂತರ ರಾಜ್ಯದ ಯಾವುದೇ ಆರ್‌ಟಿಒದಲ್ಲಿ ನೋಂದಣಿ ಮಾಡಿಸಬಹುದು, ಆದ್ದರಿಂದ ಊರಿನ ಆಧಾರ್ ವಿಳಾಸವೇ ಸಾಕಾಗುತ್ತದೆ.

ಸಹಿ ಮಾಡಿದ ಖಾಲಿ ಫಾರಂ 29, 30 ಕೈಗಿಟ್ಟು ‘ಯಾವಾಗ ಬೇಕಾದರೂ ಹೆಸರಿಗೆ ಮಾಡಿಸಿಕೊಳ್ಳಿ’ ಎನ್ನುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಇದು ಎರಡೂ ಕಡೆಯವರಿಗೆ ಅಪಾಯ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ನೀಡಿದ ತೀರ್ಪು ಇದನ್ನು ಸ್ಪಷ್ಟ ಮಾಡಿದೆ. ಅಲ್ಲಿ ಕಾರು ಒಬ್ಬರಿಂದೊಬ್ಬರಿಗೆ ಕೈ ಬದಲಾಗುತ್ತಾ ಹೋಗಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದಿತ್ತು. 2009ರಲ್ಲಿ ಅಪಘಾತವಾಯಿತು. ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ನ್ಯಾಯಾಲಯ ಹೇಳಿತು. ಅಪಘಾತದಲ್ಲಿ ನೊಂದವರು ಕಾರಿನ ಕೊನೆಯ ಕೊಳ್ಳುಗನನ್ನು ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ಅದರ ಹಿಂದಿನ ಕಾಳಜಿ, ಅದು ನ್ಯಾಯವಾದದ್ದೇ. ಇದನ್ನು ಓದುವ ತಂದೆ ತಾಯಿಗಳಿಗೂ ಒಂದು ಮಾತು: ಮಗನಿಗೆ ಕೊಡಿಸುವ ಕಾರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡರೆ ಆ ಹೊಣೆಯೂ ನಿಮ್ಮದೇ.

ಹೆಸರು ಬದಲಾಗದಿದ್ದರೆ ಕೊಂಡವರಿಗೆ ದೊಡ್ಡ ಪೆಟ್ಟು ಬೀಳುವುದು ವಿಮೆಯಲ್ಲಿ. ಕಲಂ 157ರ ಪ್ರಕಾರ ಮಾರಾಟದ ಜೊತೆಗೆ ಥರ್ಡ್ ಪಾರ್ಟಿ ವಿಮೆ ತಾನಾಗಿಯೇ ಕೊಂಡವರಿಗೆ ವರ್ಗವಾದಂತೆ ಎಣಿಸಲಾಗುತ್ತದೆ. ನಿಮ್ಮ ಕಾರಿಗೇ ಆಗುವ ನಷ್ಟದ ವಿಮೆ ಹಾಗೆ ಬರುವುದಿಲ್ಲ. 14 ದಿನದೊಳಗೆ ವಿಮಾ ಕಂಪನಿಗೆ ಬರೆದು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಪ್ಪತ್ತನೆಯ ದಿನ ಕಾರು ಕಳವಾದರೆ, ಪಾಲಿಸಿ ಇನ್ನೂ ಹಳಬರ ಹೆಸರಲ್ಲೇ ಇದ್ದರೆ, ಹಳಬರಿಗೆ ಆ ಕಾರಿನಲ್ಲಿ ಹಿತಾಸಕ್ತಿ ಉಳಿದಿಲ್ಲ, ನಿಮ್ಮೊಂದಿಗೆ ನಮಗೆ ಕರಾರಿಲ್ಲ ಎಂದು ಕಂಪನಿ ಹೇಳುತ್ತದೆ. ಹಳಬರ ನೋ ಕ್ಲೇಮ್ ಬೋನಸ್ ಕೂಡ ಅವರದೇ, ಕಾರಿನ ಜೊತೆ ಬರುವುದಿಲ್ಲ. ಕೂಪೆಗಳ ಇಂಜಿನ್ ಸಾಮಾನ್ಯವಾಗಿ 1500 ಸಿಸಿ ಮೀರಿರುತ್ತದೆ. ಆ ವರ್ಗಕ್ಕೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಕಂತೇ ವರ್ಷಕ್ಕೆ 7,897 ರೂಪಾಯಿ, ಜಿಎಸ್‌ಟಿ ಬೇರೆ.

ಹಿಂದಿನವರು ಕಾರಿಗೆ ಏನೇನು ಮಾಡಿಸಿದ್ದಾರೆ ಎಂಬುದನ್ನೂ ಬಿಡದೆ ಕೇಳಿ. ಅಬ್ಬರಿಸುವ ಸೈಲೆನ್ಸರ್, ಇಂಜಿನ್ ರೀಮ್ಯಾಪ್, ಕಪ್ಪು ಗಾಜು ಇವೆಲ್ಲ ಇಂಥ ಕಾರುಗಳಲ್ಲಿ ಸಾಮಾನ್ಯ, ಮಾರುವವರು ಅದನ್ನೇ ಹೆಚ್ಚುಗಾರಿಕೆ ಎಂದು ಹೇಳುತ್ತಾರೆ. ಕಲಂ 52 ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಗಳನ್ನು ಒಪ್ಪುವುದಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಕಲಂ 182ಎ(4)ರಡಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ. ಶಬ್ದ, ಹೊಗೆಯ ಮಿತಿ ಮೀರಿದರೆ ಕಲಂ 190(2)ರಡಿ 10,000ದವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹ. ರಸ್ತೆಯಲ್ಲಿ ಹಿಡಿದಾಗ ‘ಇದನ್ನು ಹಾಕಿಸಿದ್ದು ನಾನಲ್ಲ’ ಎಂಬ ಮಾತು ನಡೆಯುವುದಿಲ್ಲ. ಮೂಲ ಭಾಗಗಳನ್ನು ಮತ್ತೆ ಜೋಡಿಸಿಕೊಟ್ಟರೆ ಮಾತ್ರ ಕೊಳ್ಳುತ್ತೇನೆ ಎಂದು ಹೇಳಿ.

ಮೋಸವಾದರೆ ಎಲ್ಲಿಗೆ ಹೋಗಬೇಕು ಎಂಬುದು ಯಾರಿಂದ ಕೊಂಡಿರಿ ಎಂಬುದರ ಮೇಲೆ ನಿಂತಿದೆ. ಡೀಲರ್‌ನಿಂದ ಕೊಂಡಿದ್ದರೆ ನೀವು ಗ್ರಾಹಕರು. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ಡೀಲರ್‌ಗಳಿಗೆ ಆರ್‌ಟಿಒ ಅಧಿಕಾರ ಪತ್ರ ಬೇಕು; ಮಾಲೀಕರು ಕಾರನ್ನು ಅವರಿಗೆ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ತಿಳಿಸಿದ ಮೇಲೆ ಆ ಡೀಲರನ್ನೇ ಮಾಲೀಕರೆಂದು ಕಾನೂನು ಎಣಿಸುತ್ತದೆ. ಆ ಅಧಿಕಾರ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಮೊದಲು 1915ಕ್ಕೆ ಕರೆ ಮಾಡಿದರೆ ಗ್ರಾಹಕ ಸಹಾಯವಾಣಿಯವರು ಡೀಲರ್ ಜೊತೆ ಮಾತನಾಡಿಸುತ್ತಾರೆ.

ತನ್ನ ಸ್ವಂತ ಕಾರನ್ನು ಮಾರುವ ಖಾಸಗಿ ವ್ಯಕ್ತಿ ವ್ಯಾಪಾರಿಯಲ್ಲ, ಆದ್ದರಿಂದ ಅಲ್ಲಿ ಗ್ರಾಹಕ ಆಯೋಗದ ದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಉಳಿಯುವುದು ಸಿವಿಲ್ ದಾವೆ. ಮೊದಲಿನಿಂದಲೂ ವಂಚಿಸುವ ಉದ್ದೇಶವಿತ್ತು ಎಂದು ತೋರಿಸಬಲ್ಲಿರಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 318ರಡಿ ಪೊಲೀಸ್ ದೂರು. ಒಂದು ಸೂಕ್ಷ್ಮವನ್ನು ಗಮನಿಸಿ. ಕರಾರು ಕಾಯ್ದೆಯ ಕಲಂ 19ರಂತೆ, ಮಾರುವವರು ದೋಷದ ಬಗ್ಗೆ ಬರೀ ಸುಮ್ಮನಿದ್ದರು, ಸಾಧಾರಣ ಎಚ್ಚರ ವಹಿಸಿದ್ದರೆ ನಿಮಗೇ ಅದು ತಿಳಿಯುತ್ತಿತ್ತು ಎಂದಾದರೆ ಕರಾರನ್ನು ರದ್ದು ಮಾಡಿಸುವ ಹಕ್ಕು ಸಿಗುವುದಿಲ್ಲ. ಹಾಗಾಗಿ ಅವರನ್ನು ಸುಮ್ಮನಿರಲು ಬಿಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ನೇರವಾಗಿ ಕೇಳಿ: ಅಪಘಾತವಾಗಿದೆಯೇ, ನೀರಿನಲ್ಲಿ ನಿಂತಿತ್ತೇ, ಸಾಲ ಬಾಕಿ ಇದೆಯೇ, ಮೀಟರ್ ಬದಲಾಯಿಸಿದ್ದೀರಾ? ‘ಇಲ್ಲ’ ಎಂಬ ಒಂದು ಬರಹದ ಉತ್ತರ ಮುಂದೆ ನಿಮ್ಮ ಸಾಕ್ಷ್ಯವಾಗುತ್ತದೆ. ಆ ಮಾತುಕತೆಯನ್ನು ಅಳಿಸಬೇಡಿ, ಸಾಧ್ಯವಾದರೆ ಆ ಫೋನನ್ನೂ ಇಟ್ಟುಕೊಳ್ಳಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ, ಉಳಿದವರಿಗೆ ಆದಾಯದ ಮಿತಿಯೊಳಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ಒಂದು ವ್ಯವಹಾರಕ್ಕೆ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಕಾರು ತೆಗೆದುಕೊಳ್ಳುವಾಗ ಡೆಲಿವರಿ ನೋಟ್ ಬರೆಸಿ, ದಿನಾಂಕದ ಜೊತೆಗೆ ಗಂಟೆ ನಿಮಿಷವನ್ನೂ ಹಾಕಿಸಿ. ಮಧ್ಯಾಹ್ನ 3 ಗಂಟೆಗೆ ಸಿಗ್ನಲ್ ಹಾರಿದ ಚಿತ್ರ ಸಿಕ್ಕಿ, ನೀವು ಕಾರು ಪಡೆದದ್ದು ಸಂಜೆ 5.40ಕ್ಕೆ ಎಂದಿದ್ದರೆ ಆ ದಂಡ ಯಾರದ್ದು ಎಂದು ವಾದಿಸಬೇಕಾಗಿಲ್ಲ.

ಓದು ಮುಗಿಸಿ ಕೆಲಸಕ್ಕೋ ವಿದೇಶಕ್ಕೋ ಹೊರಡುವಾಗ ಈ ಕಾರನ್ನು ಅವಸರದಲ್ಲಿ ಮಾರುವ ದಿನ ಬರುತ್ತದೆ. ವೀಸಾ ಕೈಗೆ ಬಂದು ವಿಮಾನದ ಟಿಕೆಟ್ ಆಗಿರುತ್ತದೆ, ಕೊಳ್ಳುವವರು ಹೆಸರು ಆಮೇಲೆ ಮಾಡಿಸಿಕೊಳ್ಳುತ್ತೇವೆ ಎನ್ನುತ್ತಾರೆ. ಹೊರಡುವ ಮೊದಲೇ ಫಾರಂ 29ನ್ನು ನೀವೇ ಆರ್‌ಟಿಒಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಪರಿವಾಹನ್‌ನಲ್ಲಿ ನಿಮ್ಮ ಹೆಸರು ಹೋಗಿ ಅವರ ಹೆಸರು ಬಂದಿದೆ ಎಂದು ಖಚಿತವಾಗುವ ತನಕ ಆ ಸ್ವೀಕೃತಿ, ಡೆಲಿವರಿ ನೋಟ್ ಮತ್ತು ಕೊಂಡವರ ಆಧಾರ್ ಪ್ರತಿಯನ್ನು ಊರಿನಲ್ಲಿರುವ ಮನೆಯವರ ಕೈಯಲ್ಲಿ ಬಿಟ್ಟು ಹೋಗಿ.