ಇಂಟರ್‌ವ್ಯೂ ಅಂದ್ರೆ ಒಂದೇ ಅಲ್ಲ

ಮುಂದಿನ ವರ್ಷ ನಾವೆಲ್ಲ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಪ್ಲೇಸ್‌ಮೆಂಟ್ ಸೆಲ್ ಮುಂದೆ ನಿಲ್ಲೋರೇ. "ಇಂಟರ್‌ವ್ಯೂ ಇದೆ" ಅಂದ್ರೆ ಸಾಕು, ಹೊಟ್ಟೇಲಿ ತಳಮಳ ಶುರು. ಆದರೆ ಯಾವ ಥರದ ಇಂಟರ್‌ವ್ಯೂ ಅಂತ ನಮ್ಮಲ್ಲಿ ಯಾರೂ ಕೇಳಲ್ಲ. ಗೌನಿಪಲ್ಲಿ ಕಡೆಯಿಂದ ಬಂದ ನಮಗಂತೂ ಈ ಪ್ರಶ್ನೆ ಮುಖ್ಯ. ಶ್ರೀನಿವಾಸಪುರ ತಾಲ್ಲೂಕು, ಆಂಧ್ರದ ಗಡಿ ಪಕ್ಕ. ಮನೇಲಿ ತೆಲುಗು, ಪೇಟೇಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್. ಮೂರೂ ಬರುತ್ತೆ, ಮೂರರಲ್ಲೂ ಇನ್ನೆರಡು ಸೇರ್ಕೊಂಡಿರುತ್ತೆ.

ಮೊದಲನೇ ಥರ, ಸುಮ್ಮನೆ ಮಾತಾಡೋ ಇಂಟರ್‌ವ್ಯೂ. "ನಿಮ್ಮ ಬಗ್ಗೆ ಹೇಳಿ" ಅಂತ ಶುರು, ಆಮೇಲೆ ಮಾತು ಎಲ್ಲಿಗೆ ಹೋಗುತ್ತೋ ಅಲ್ಲಿಗೆ. ಒಬ್ಬರಿಗೆ ಕ್ರಿಕೆಟ್, ಇನ್ನೊಬ್ಬರಿಗೆ ಪ್ರಾಜೆಕ್ಟ್. ಕೇಳಲಿಕ್ಕೆ ಆರಾಮ ಅನ್ಸುತ್ತೆ, ಆದರೆ ಇಬ್ಬರನ್ನು ಹೋಲಿಸೋದು ಯಾವುದರ ಮೇಲೆ? ಕೇಳುವವರ ಥರಾನೇ ಮಾತಾಡೋರು, ಅವರ ಥರಾನೇ ನಗೋರು ಇಲ್ಲಿ ಗೆಲ್ಲೋದು ಸುಲಭ.

ಎರಡನೇದು ರಚನಾಬದ್ಧ ಸಂದರ್ಶನ, ಅಂದ್ರೆ ಸ್ಟ್ರಕ್ಚರ್ಡ್ ಇಂಟರ್‌ವ್ಯೂ. ಆ ಕೆಲಸಕ್ಕೆ ಏನು ಬೇಕು ಅಂತ ನೋಡಿ ಮೊದಲೇ ಪ್ರಶ್ನೆ ಬರೆದಿಟ್ಟಿರ್ತಾರೆ. ಎಲ್ಲರಿಗೂ ಅದೇ ಪ್ರಶ್ನೆ, ಪ್ರತಿ ಉತ್ತರಕ್ಕೂ ಅಂಕ. ಎಕ್ಸಾಮ್ ಥರ ಒಣಕಲು ಅನ್ಸಬಹುದು, ಆದರೆ ನಮ್ಮ ಪ್ರಕಾರ ನಮ್ಮಂಥೋರಿಗೆ ಇದೇ ನ್ಯಾಯ. ಇದು ಬರೀ ನಮ್ಮ ಅನಿಸಿಕೆ ಅಲ್ಲ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ 85 ವರ್ಷಗಳ ಸಂಶೋಧನೆ ಒಟ್ಟು ಮಾಡಿ, ಇಂಟರ್‌ವ್ಯೂ ಅಂಕಕ್ಕೂ ಆಮೇಲಿನ ಕೆಲಸಕ್ಕೂ ಎಷ್ಟು ನಂಟು ಅಂತ ನೋಡಿದ್ರು (ಮ್ಯಾಥ್ಸಲ್ಲಿ ಓದೋ ಅದೇ ಕೋರಿಲೇಷನ್). ರಚನಾಬದ್ಧಕ್ಕೆ 0.51, ಸುಮ್ಮನೆ ಮಾತಿಗೆ 0.38. 2022ರಲ್ಲಿ ಸ್ಯಾಕೆಟ್ ಮತ್ತು ಜೊತೆಗಾರರು ಲೆಕ್ಕ ಸರಿಪಡಿಸಿದಾಗ ಅದು 0.42 ಮತ್ತು 0.19 ಆಯ್ತು. ಎರಡೂ ಇಳೀತು, ಆದರೆ ಮಾತಿನ ಇಂಟರ್‌ವ್ಯೂ ಅರ್ಧಕ್ಕೆ ಬಿತ್ತು.

ರಚನಾಬದ್ಧದಲ್ಲಿ ಪ್ರಶ್ನೆ ಎರಡು ಥರ ಬರುತ್ತೆ. ಒಂದು ಮುಂದಿನದು: "ಶಿಫ್ಟ್ ಮುಗಿಯೋಕೆ ಅರ್ಧ ಗಂಟೆ ಇರುವಾಗ ಮಷಿನ್ ನಿಂತರೆ ಏನು ಮಾಡ್ತೀರಿ?" ನರಸಾಪುರ, ಮಾಲೂರಿನ ಫ್ಯಾಕ್ಟರಿಗಳಿಗೆ ಹೋಗೋ ಆಸೆ ಇರೋರು ಇಂಥದ್ದಕ್ಕೆ ತಯಾರಾಗಬೇಕು. ಇನ್ನೊಂದು ಹಿಂದಿನದು: "ಟೀಮಲ್ಲಿ ಜಗಳ ಬಂದಾಗ ನೀವೇನು ಮಾಡಿದ್ರಿ?" ಇದಕ್ಕೆ ಇಂಟರ್ನ್‌ಶಿಪ್ ಮಾಡಿದೋರೇ ಉತ್ತರ ಹೇಳಬೇಕು ಅಂದ್ಕೊಂಡಿದ್ದೀವಿ. ಯಾಕೆ? ನಮ್ಮ ಕಡೆ ಮಾವಿನ ಸೀಸನ್ನಲ್ಲಿ ಕೂಲಿಯವರನ್ನ ಹೊಂದಿಸೋದು, ಮಳೆ ಬರೋ ಮುಂಚೆ ಲೋಡ್ ಕಳಿಸೋದು, ಮಂಡಿಯಲ್ಲಿ ಕಮಿಷನ್ ಲೆಕ್ಕ ಕೇಳೋದು, ಇವೆಲ್ಲ ಕೆಲಸಾನೇ. ಪರಿಸ್ಥಿತಿ ಏನಿತ್ತು, ನಮ್ಮ ಜವಾಬ್ದಾರಿ ಏನು, ಏನು ಮಾಡಿದ್ವಿ, ಏನಾಯ್ತು, ಈ ನಾಲ್ಕು ಬಂದ್ರೆ ಉತ್ತರ ಪೂರ್ತಿ. "ನಾವು ಮಾಡಿದ್ವಿ" ಅನ್ನೋದರಲ್ಲಿ "ನಾನು" ಮಾಡಿದ್ದು ಎಷ್ಟು ಅಂತ ಬೇರೆ ಹೇಳಬೇಕು, ಕೇಳುವವರಿಗೆ ಬೇಕಿರೋದು ಅದೇ.

ಟೆಕ್ನಿಕಲ್ ರೌಂಡ್ ಎಲ್ಲರಿಗೂ ಗೊತ್ತಿರೋದೇ. ಕೋಡ್ ಬರೆಯುವಾಗ ಬಾಯಿ ಮುಚ್ಚಿಕೊಂಡು ಕೂತರೆ ಯೋಚನೆ ಹೇಗೆ ಸಾಗ್ತಿದೆ ಅಂತ ಅವರಿಗೆ ಕಾಣಲ್ಲ, ಅಷ್ಟು ನೆನಪಿದ್ರೆ ಸಾಕು. ಬೇಕಂತಲೇ ಕೆಣಕುವ ಸ್ಟ್ರೆಸ್ ಇಂಟರ್‌ವ್ಯೂನಿಂದ ಏನು ಗೊತ್ತಾಗುತ್ತೋ ನಮಗೆ ಅರ್ಥ ಆಗಿಲ್ಲ.

ಸರ್ಕಾರಿ ಕೆಲಸದ ಕಡೆ ನೋಡೋರಿಗೆ ಲೆಕ್ಕ ಬೇರೆ. ಯುಪಿಎಸ್‌ಸಿ ಸಿವಿಲ್ ಸರ್ವೀಸಸ್‌ನಲ್ಲಿ ಒಟ್ಟು 2025 ಅಂಕದಲ್ಲಿ 275 ಮಾತ್ರ ಸಂದರ್ಶನಕ್ಕೆ, ಅದೂ ಮಂಡಳಿಯ ಮುಂದೆ. ಸೇನೆಯ ಎಸ್‌ಎಸ್‌ಬಿ ಐದು ದಿನ ನಡೆಯುತ್ತೆ. ಮನಶ್ಶಾಸ್ತ್ರದ ಪರೀಕ್ಷೆ, ಗುಂಪಿನ ಟಾಸ್ಕ್‌ಗಳ ನಡುವೆ ಇಂಟರ್‌ವ್ಯೂ ಒಂದು ಭಾಗ ಅಷ್ಟೇ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಶಿಫಾರಸು, ಲಂಚಕ್ಕೆ ದಾರಿ ಮಾಡಿಕೊಡೋದು ಇಂಥ ಮಾತಿನ ಇಂಟರ್‌ವ್ಯೂಗಳೇ ಅನ್ನೋದು ಅದರ ಹಿಂದಿನ ಕಾರಣ.

ಈಚೆಗೆ ಬಂದಿರೋದು ರೆಕಾರ್ಡ್ ಮಾಡೋ ವಿಡಿಯೋ ಇಂಟರ್‌ವ್ಯೂ. ಪ್ರಶ್ನೆ ಪರದೆ ಮೇಲೆ ಬರುತ್ತೆ, ಎದುರಿಗೆ ಯಾರೂ ಇಲ್ಲ, ಕೊಟ್ಟ ಸಮಯದೊಳಗೆ ಉತ್ತರ ಹೇಳಿ ಮುಗಿಸಬೇಕು. ರಜೆಗೆ ಊರಿಗೆ ಹೋದಾಗ ಇದು ಬಂದ್ರೆ ಕರೆಂಟು, ನೆಟ್‌ವರ್ಕ್ ಎರಡೂ ಮುಂಚೆ ನೋಡ್ಕೊಂಡಿರಿ. ಕರೆ ಬಂದಾಗ ಎಚ್‌ಆರ್‌ಗೆ ಒಂದೇ ಪ್ರಶ್ನೆ ಕೇಳಿ: "ಸರ್, ಎಷ್ಟು ರೌಂಡ್, ಯಾವ ಥರದ್ದು?" ಕೇಳಿದ್ದಕ್ಕೆ ಯಾರೂ ಅಂಕ ಕಳೆಯಲ್ಲ.