ಹುಟ್ಟುಹಬ್ಬಕ್ಕೂ ಹಗಲಿನ ಉದ್ದಕ್ಕೂ ಏನು ಸಂಬಂಧ?

60 ಜನರ ಒಂದು ಕ್ಲಾಸ್ ತಗೊಳ್ಳಿ. ತಿಂಗಳಿಗೆ ಸರಾಸರಿ 5 ಬರ್ತ್‌ಡೇ. ಒಂದು ತಿಂಗಳಲ್ಲಿ 9, ಇನ್ನೊಂದರಲ್ಲಿ 2 ಬಂದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದು ಬರೀ ಚಾನ್ಸ್. ಆದರೆ ಲಕ್ಷಗಟ್ಟಲೆ ಜನನಗಳನ್ನು ತಿಂಗಳವಾರು ಪ್ಲಾಟ್ ಮಾಡಿದರೂ ಗ್ರಾಫ್ ಸಪಾಟಾಗಿ ಬರೋದಿಲ್ಲ. ಸ್ವೀಡನ್ನಿನಲ್ಲಿ ಅದು ಮಾರ್ಚ್-ಏಪ್ರಿಲ್ ಹೊತ್ತಿಗೆ ಏರುತ್ತಿತ್ತು, ಅಮೆರಿಕದಲ್ಲಿ ಆಗಸ್ಟ್-ಸೆಪ್ಟೆಂಬರ್‌ಗೆ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ 1820ರ ದಶಕದಲ್ಲೇ ಇಂಥ ಲೆಕ್ಕ ಶುರು ಮಾಡಿದ್ದ.

ಗರ್ಭ ನಿಂತ ದಿನದಿಂದ ಹೆರಿಗೆಗೆ ಸುಮಾರು 266 ದಿನ. ಸ್ವೀಡನ್ನಿನ ಗ್ರಾಫನ್ನು ಅಷ್ಟು ಹಿಂದಕ್ಕೆ ಶಿಫ್ಟ್ ಮಾಡಿದರೆ ಏರು ಬಂದು ನಿಲ್ಲೋದು ಜೂನ್-ಜುಲೈಗೆ, ಅಂದರೆ ಅಲ್ಲಿ ಹಗಲು ಅತಿ ಉದ್ದವಿರುವಾಗ. ಅನುಮಾನ ಸೂರ್ಯನ ಮೇಲೆ ಬಂದದ್ದು ಹೀಗೆ.

ಅದಕ್ಕೊಂದು ದಾರಿಯೂ ಇದೆ. ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಬಿಡುತ್ತೆ, ಬೆಳಕು ಬಿದ್ದರೆ ನಿಲ್ಲಿಸುತ್ತೆ. ರಾತ್ರಿ ಎಷ್ಟು ಉದ್ದ ಅನ್ನೋದು ದೇಹಕ್ಕೆ ಗೊತ್ತಾಗೋದು ಈ ಸಿಗ್ನಲ್‌ನಿಂದ. ಚಳಿ ದೇಶದ ಕುರಿಗಳು ಇದನ್ನೇ ಓದಿಕೊಂಡು, ಹಗಲು ಕುಗ್ಗುವಾಗ ಬೆದೆಗೆ ಬರುತ್ತವೆ. 5 ತಿಂಗಳಿಗೆ, ಹುಲ್ಲು ಚಿಗುರುವ ವೇಳೆಗೆ, ಮರಿ. ಮನುಷ್ಯರಲ್ಲಿ ಹಾಗೆ ಸ್ವಿಚ್ ಹಾಕಿದಂತೆ ಏನೂ ಆಗೋದಿಲ್ಲ. ಏನಾದರೂ ಉಳಿದಿದ್ದರೆ ಒಂದು ಸಣ್ಣ ತೂಗಾಟ ಅಷ್ಟೆ.

ರೋನೆಬರ್ಗ್ ಮತ್ತು ಆಶಾಫ್ 1990ರಲ್ಲಿ 166 ಪ್ರದೇಶಗಳ ಜನನ ದಾಖಲೆಗಳನ್ನು ಹರಡಿಕೊಂಡು ಕೂತರು. ಹಗಲಿನ ಉದ್ದ, ತಾಪಮಾನ ಎರಡರ ಜೊತೆಗೂ ನಂಟು ಕಂಡಿತು. ಕೈಗಾರಿಕೀಕರಣ ಬೆಳೆದಂತೆ ಏರಿಳಿತ ಸಣ್ಣದಾಗುತ್ತಾ ಬಂತು. ರಾತ್ರಿ 2 ಗಂಟೆಗೂ ಟ್ಯೂಬ್‌ಲೈಟ್ ಉರಿಸುವ ನಮ್ಮ ಹಾಸ್ಟೆಲ್ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ನಮಗೆ ಈ ಕಥೆ ಪೂರ್ತಿ ಒಪ್ಪಿಗೆಯಾಗಿಲ್ಲ. ಸ್ಪೇನ್, ಇಟಲಿಗಳ ಅಕ್ಷಾಂಶದಲ್ಲೇ ಅಮೆರಿಕದ ಎಷ್ಟೋ ರಾಜ್ಯಗಳಿವೆ. ಹಗಲು ಒಂದೇ, ಗ್ರಾಫ್ ಬೇರೆ! 2018ರಲ್ಲಿ ಬರೆಕಾ ಮತ್ತು ಜೊತೆಗಾರರು ಅಮೆರಿಕದ ದಶಕಗಳ ದಾಖಲೆ ಜಾಲಾಡಿದಾಗ, ಸರಾಸರಿ 27 ಡಿಗ್ರಿ ಸೆಲ್ಸಿಯಸ್ ದಾಟಿದ ಒಂದೊಂದು ಹೆಚ್ಚುವರಿ ದಿನಕ್ಕೂ 8ರಿಂದ 10 ತಿಂಗಳ ನಂತರದ ಜನನ ಸುಮಾರು 0.4% ಕುಸಿದದ್ದು ಕಂಡಿತು. ಅಂದರೆ ಸೆಖೆಯೂ ಆಟದಲ್ಲಿದೆ. ಬಿಸಿಲು, ಸೆಖೆ, ರಜೆ, ಸುಗ್ಗಿ ಎಲ್ಲಕ್ಕೂ ಪೀರಿಯಡ್ ಒಂದೇ ವರ್ಷ. ಒಂದೇ ಫ್ರೀಕ್ವೆನ್ಸಿಯ ಸೈನ್ ತರಂಗಗಳನ್ನು ಕೂಡಿಸಿದ ಮೇಲೆ ಬಿಡಿಸಿ ತೆಗೆಯೋದು ಎಷ್ಟು ಕಷ್ಟ ಅಂತ ಸಿಗ್ನಲ್ಸ್ ಪೇಪರ್ ಬರೆದವರಿಗೆ ಹೇಳಬೇಕಾಗಿಲ್ಲ.

ನಮ್ಮೂರಿನ ಲೆಕ್ಕ ಏನು? ಅಕ್ಷಾಂಶದ ಟ್ಯಾನ್‌ಗೆ ಸೂರ್ಯನ ಕ್ರಾಂತಿಯ ಟ್ಯಾನ್ ಗುಣಿಸಿ, ಮೈನಸ್ ಹಾಕಿ, ಕಾಸ್ ಇನ್ವರ್ಸ್ ತೆಗೆದು 7.5ರಿಂದ ಭಾಗಿಸಿದರೆ ಹಗಲಿನ ಗಂಟೆಗಳು ಬರುತ್ತವೆ. ಬೆಂಗಳೂರಿನ 13 ಡಿಗ್ರಿಗೆ ಅತಿ ಉದ್ದದ ಹಗಲು 12 ಗಂಟೆ 46 ನಿಮಿಷ, ಅತಿ ಚಿಕ್ಕದು 11 ಗಂಟೆ 14 ನಿಮಿಷ. ಸ್ಟಾಕ್‌ಹೋಮ್‌ನಲ್ಲಿ 18 ಗಂಟೆಯ ಮೇಲೆ, 6ರ ಆಸುಪಾಸು. ಒಂದೂವರೆ ಗಂಟೆಯ ವ್ಯತ್ಯಾಸ ಇಲ್ಲಿ ಏನು ಮಾಡೀತು? ಅದಕ್ಕಿಂತ ಆಷಾಢವೇ ಬಲವಾದ ಕಾರಣ ಇರಬಹುದು. ಹೊಸ ಸೊಸೆಯನ್ನು ಆಷಾಢದಲ್ಲಿ ತವರಿಗೆ ಕಳಿಸೋದು ಚೈತ್ರದ ಬಿಸಿಲಲ್ಲಿ ಹೆರಿಗೆ ಬೇಡ ಅಂತ ಎನ್ನುವ ವಿವರಣೆಯನ್ನು ಅಜ್ಜಿಯಂದಿರ ಬಾಯಲ್ಲಿ ಕೇಳಿರುತ್ತೀರಿ.

ಪರೀಕ್ಷಿಸಲು ಹಳೆಯ ಶಾಲಾ ದಾಖಲೆ ಹಿಡಿದು ಕೂರಬೇಡಿ. ಅಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೆ. ಅದು ಸೂರ್ಯನ ಕೆಲಸ ಅಲ್ಲ, ಅಡ್ಮಿಷನ್ ಮಾಡಿಸಿಕೊಂಡ ಮೇಷ್ಟ್ರದು.