ಗೇಟು ಎದ್ದರೆ ಅಕ್ಷರ ಯಾಕೆ ಹೋಗುತ್ತದೆ?



ಕುಮಟಾದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಎರಡೇ ದಿನ ಇತ್ತು. ನಾವು ಗೇರುಸೊಪ್ಪೆ ಅಣೆಕಟ್ಟಿನ ಮಾದರಿ ಮಾಡಿದ್ದೆವು. ನೀರು ಏರಿದರೆ ಎರಡು ಸರ್ವೋ ಮೋಟರುಗಳು ಗೇಟು ಎತ್ತಬೇಕು, ಪುಟ್ಟ ಪರದೆಯಲ್ಲಿ ನೀರಿನ ಮಟ್ಟ ಬರಬೇಕು. ಇದನ್ನೆಲ್ಲ ನಡೆಸುವುದು ಆರ್ಡುಯಿನೊ ಬೋರ್ಡು. ಶಾಲೆಯಲ್ಲಿ ಇರುವುದು ಒಂದೇ.

ಗೇಟು ಏಳುತ್ತಿದ್ದಂತೆ ಅಕ್ಷರ ಮಾಯ! ಬೋರ್ಡು ಸುಟ್ಟೇ ಹೋಯ್ತು ಅಂತ ನನಗೆ ಅಳುವೇ ಬಂತು. ಅಕ್ಕೋರು ಬೈಯಲಿಲ್ಲ, ಮೋಟರಿನ ತಂತಿ ಬಿಡಿಸಿದರು. ಅಕ್ಷರ ಮತ್ತೆ ಬಂತು. ಅಂದರೆ ತಪ್ಪು ಬೋರ್ಡಿನದಲ್ಲ.

ಕಂಪ್ಯೂಟರಿನ ಯುಎಸ್‌ಬಿ ತಂತಿಯಿಂದ ಸಾಮಾನ್ಯವಾಗಿ 500 ಮಿಲಿಆಂಪಿಯರ್ ಸಿಗುತ್ತದೆ. ಎರಡು ಮೋಟರು ಒಟ್ಟಿಗೆ ಭಾರ ಎತ್ತುವಾಗ ಅದಕ್ಕಿಂತ ಹೆಚ್ಚು ಎಳೆಯಬಹುದು. ಆಗ 5 ವೋಲ್ಟು ಕುಸಿದು ಬೋರ್ಡು ಮೊದಲಿಂದ ಶುರುವಾಗುತ್ತದೆ. ತೋಟದ ಪಂಪು ಹಾಕಿದಾಗ ಮನೆ ದೀಪ ಮಂಕಾಗುತ್ತದಲ್ಲ, ಹಾಗೇ.

ಮೋಟರಿಗೆ ಬೇರೆಯಾಗಿ ನಾಲ್ಕು ಸೆಲ್ಲು ಕೊಟ್ಟೆವು. ಈಗ ಗೇಟು ಸುಮ್ಮನೆ ನಡುಗಿತು! ಸೆಲ್ಲಿನ ಮೈನಸ್ಸನ್ನು ಬೋರ್ಡಿನ ಗ್ರೌಂಡಿಗೆ ಜೋಡಿಸಲು ನಾನೇ ಮರೆತಿದ್ದೆ. ಇದನ್ನು ಮಾತ್ರ ನೀವು ಮರೆಯಬೇಡಿ. ಪ್ಲಸ್ಸುಗಳನ್ನು ಜೋಡಿಸಬಾರದು, ಆಯ್ತಾ?

ಪರದೆಯಲ್ಲಿ ಬೆಳಕಿದ್ದೂ ಅಕ್ಷರ ಕಾಣದಿದ್ದರೆ ಅದರ ಹಿಂದಿನ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿ.

ಮಾದರಿ ಈಗ ವಿಜ್ಞಾನ ಕಪಾಟಿನ ಮೇಲಿದೆ. ಸೆಲ್ಲು ತಂದರೆ ಗೇಟು ಎತ್ತಿ ತೋರಿಸುತ್ತೇನೆ.